ಹುಣಸೆ ಮರದ ಬಾಣಂತಿ ಮತ್ತು ಥಾಯ್ಲೆಂಡಿನ ನಾಕ್

ನಿಮ್ಮೂರಲ್ಲೂ ಇಂಥದೊಂದು ಜಾಗ ಇರಬೇಕು. ಹಳೇ ಬಾವಿಯೋ, ಪಾಳು ಮನೆಯೋ, ಊರ ಹೊರಗಿನ ಮರವೋ. ಹಗಲು ಹೊತ್ತು ಅಲ್ಲಿ ಕುರಿ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ದೀಪ ಹಚ್ಚುವ ಹೊತ್ತಾದರೆ ಮಾತ್ರ ಯಾರೂ ಆ ಕಡೆ ಹೆಜ್ಜೆ ಇಡುವುದಿಲ್ಲ.

ನಮ್ಮೂರಲ್ಲಿ ಅದು ಹಳ್ಳದ ದಂಡೆಯ ಹುಣಸೆ ಮರ. ಅಲ್ಲಿರುವವಳಿಗೆ ನಾವು ‘ಹಳ್ಳದ ಬಾಣಂತಿ’ ಅಂತಿದ್ದೆವು. ಬಿಳಿ ಸೀರೆ, ಬಿಚ್ಚಿದ ಕೂದಲು, ಕಂಕುಳಲ್ಲಿ ಕೂಸು. ನಮ್ಮಲ್ಲಿ ಯಾರೂ ಕಂಡವರಲ್ಲ. ಕಂಡವರನ್ನು ಕಂಡವರು ಮಾತ್ರ ಬೇಕಾದಷ್ಟು ಮಂದಿ ಇದ್ದರು.

ನಾವು ಮೂವರು ಒಂದೇ ಊರಿನವರು. ಒಂದೇ ಬಸ್ಸಿಗೆ ಕಾಲೇಜಿಗೆ ಹೋಗಿ ಪತ್ರಿಕೋದ್ಯಮ ಓದಿದವರು. ‘ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ’ ಅಂತ ಮೊದಲನೇ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡಿದವರು. ಆದರೂ ಆ ಹುಣಸೆ ಮರದ ಬಗ್ಗೆ ಈ ಆರರಲ್ಲಿ ಒಂದು ಪ್ರಶ್ನೆಯನ್ನೂ ನಾವು ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ದೆವ್ವದ ಸಿನಿಮಾ. ಅದನ್ನು ನಮ್ಮ ಜೊತೆ ಕೂತು ನೋಡಿದ ಆಯಿ.

ಸಿನಿಮಾದ ಹೆಸರು ‘ನಾಂಗ್ ನಾಕ್’. ಥಾಯ್ಲೆಂಡಿನದು, 1999ರಲ್ಲಿ ಬಂದದ್ದು. ನಿರ್ದೇಶಕ ನೋನ್ಸೀ ನಿಮಿಬುತ್ರ್. ಇದು ಅವರು ಕಟ್ಟಿದ ಕಥೆಯಲ್ಲ. ಥಾಯ್ಲೆಂಡಿನ ಮಕ್ಕಳೆಲ್ಲ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆಯುವ ಕಥೆ. ಅಲ್ಲಿ ಆಕೆಯನ್ನು ‘ಮೇ ನಾಕ್’ ಅಂತಲೂ ಕರೆಯುತ್ತಾರೆ. ‘ಮೇ’ ಅಂದರೆ ತಾಯಿ. ಆಕೆಯ ಮೇಲೆ ಅಲ್ಲಿ ಸಿನಿಮಾ, ಧಾರಾವಾಹಿ, ನಾಟಕ ಎಷ್ಟೋ ಬಂದಿವೆ. 2013ರಲ್ಲಿ ಬಂದ ‘ಪೀ ಮಾಕ್’ ಅನ್ನುವ ಸಿನಿಮಾ ಇದೇ ಕಥೆಯನ್ನು ನಗೆಯ ದಾರಿಯಲ್ಲಿ ಹೇಳಿ ಭಾರಿ ದುಡ್ಡು ಮಾಡಿತು. ನಾವು ನೋಡಿದ್ದು ನಗಿಸುವುದಲ್ಲ, ಮೈ ನಡುಗಿಸುವುದು.

ಹೋದ ಮಳೆಗಾಲದ ಒಂದು ರಾತ್ರಿ. ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು. ನಮ್ಮಲ್ಲಿ ಒಬ್ಬಳ ಮನೆಯ ಪಡಸಾಲೆಯಲ್ಲಿ ಕೂತೆವು. ಅವಳ ಆಯಿಗೆ ಎಂಬತ್ತರ ಹತ್ತಿರ ವಯಸ್ಸು. ನಾವು ಮೂವರೂ ‘ಆಯಿ’ ಅಂತಲೇ ಕರೆಯೋದು. ಆಯಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಹಾಗಾಗಿ ಒಬ್ಬರಾದ ಮೇಲೊಬ್ಬರು ಕಥೆ ಹೇಳುತ್ತ ಹೋದೆವು. ನಿಮಗೂ ಹಾಗೇ ಹೇಳುತ್ತೇವೆ.

ಬ್ಯಾಂಕಾಕ್ ಪಟ್ಟಣದ ಹತ್ತಿರ ಫ್ರಾ ಖನೋಂಗ್ ಅಂತ ಒಂದು ಹಳ್ಳಿ. ಕಾಲುವೆಯ ದಂಡೆಯಲ್ಲಿ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮರದ ಮನೆಗಳು. ಓಡಾಟವೆಲ್ಲ ದೋಣಿಯಲ್ಲಿ. ಅಲ್ಲಿ ನಾಕ್, ಅವಳ ಗಂಡ ಮಾಕ್. ಹೊಸ ಸಂಸಾರ. ನಾಕ್ ಬಸುರಿ ಇರುವಾಗಲೇ ಮಾಕ್‌ಗೆ ಯುದ್ಧಕ್ಕೆ ಕರೆ ಬರುತ್ತದೆ. ದೋಣಿ ದೂರ ಹೋಗುವ ತನಕ ಆಕೆ ದಂಡೆಯ ಮೇಲೆ ನಿಂತೇ ಇರುತ್ತಾಳೆ.

ಅಲ್ಲಿ ಮಾಕ್ ಗಾಯಗೊಂಡು ಸಾವಿನ ಬಾಗಿಲಿಗೆ ಹೋಗುತ್ತಾನೆ. ಇಲ್ಲಿ ನಾಕ್ ತುಂಬು ಹೊಟ್ಟೆಯಲ್ಲಿ ಹೊಲದ ಕೆಲಸ ಮಾಡುತ್ತಾಳೆ. ಆಮೇಲೆ ಹೆರಿಗೆ ನೋವು ಬರುತ್ತದೆ. ಸಿನಿಮಾದಲ್ಲಿ ಎರಡನ್ನೂ ಒಟ್ಟಿಗೆ ತೋರಿಸುತ್ತಾರೆ. ಗಂಡ ಒಂದು ಕಡೆ ನರಳುತ್ತಾನೆ, ಹೆಂಡತಿ ಇನ್ನೊಂದು ಕಡೆ. ಗಂಡನಿಗೆ ಗುಡಿಯ ಭಿಕ್ಷುಗಳ ಆರೈಕೆ ಸಿಗುತ್ತದೆ, ಉಳಿಯುತ್ತಾನೆ. ಹೆಂಡತಿ ಉಳಿಯುವುದಿಲ್ಲ. ಕೂಸೂ ಉಳಿಯುವುದಿಲ್ಲ.

ಗುಣವಾಗಿ ಮಾಕ್ ಊರಿಗೆ ಬರುತ್ತಾನೆ. ದಂಡೆಯ ಮೇಲೆ ಹೆಂಡತಿ ಕೂಸನ್ನೆತ್ತಿಕೊಂಡು ಕಾಯುತ್ತಿದ್ದಾಳೆ. ಅಡುಗೆ ಮಾಡಿ ಹಾಕುತ್ತಾಳೆ, ಕೂಸನ್ನು ತೂಗುತ್ತಾಳೆ. ಊರವರು ಮಾತ್ರ ಆ ಮನೆ ಕಂಡರೆ ಓಡುತ್ತಾರೆ. ‘ನಿನ್ನ ಹೆಂಡತಿ ಸತ್ತಿದ್ದಾಳೆ’ ಅಂತ ಹೇಳಲು ಬಂದ ಗೆಳೆಯನ ಮಾತನ್ನು ಮಾಕ್ ನಂಬುವುದಿಲ್ಲ. ಹೇಳಿದ ಗೆಳೆಯ ಉಳಿಯುವುದಿಲ್ಲ.

ಇಷ್ಟು ಹೇಳುವಾಗ ಆಯಿ ಕೇಳಿದಳು, “ಅಂವಗ ತಾ ಸತ್ತೀನಂತ ಆಕಿ ಯಾಕ ಹೇಳವಲ್ಲಳು?”

“ಹೇಳಿದ್ರ ಬಿಟ್ಟು ಹೋಗ್ತಾನಲ್ಲ ಆಯಿ.”

“ಹೌದು ಬಿಡು,” ಅಂದಳು ಆಯಿ. ಹೆದರಿದಂತೆ ಕಾಣಲಿಲ್ಲ.

ಸಿನಿಮಾ ಈ ಕಥೆಯನ್ನು 1868ನೇ ಇಸವಿಯಲ್ಲಿ ಇಟ್ಟಿದೆ. ಶುರುವಿನಲ್ಲೇ ಆ ವರ್ಷದ ಸೂರ್ಯಗ್ರಹಣ ಬರುತ್ತದೆ. ಅದು ನಿಜವಾಗಿ ಆದ ಗ್ರಹಣ, 1868ರ ಆಗಸ್ಟ್ 18ರಂದು. ಆಗ ಸಯಾಮ್ ಅಂತ ಕರೆಸಿಕೊಳ್ಳುತ್ತಿದ್ದ ಆ ದೇಶದ ರಾಜ ಮೊಂಗ್ಕುಟ್ ಗ್ರಹಣದ ಲೆಕ್ಕವನ್ನು ತಾನೇ ಹಾಕಿ, ನೋಡಲು ಸಮುದ್ರ ದಂಡೆಯ ವಾ ಕೋ ಅನ್ನುವ ಜಾಗಕ್ಕೆ ಹೋಗಿದ್ದ. ಲೆಕ್ಕ ಸರಿಯಾಯಿತು. ಆದರೆ ಅಲ್ಲಿ ಮಲೇರಿಯಾ ತಗುಲಿ ಕೆಲವೇ ವಾರಗಳಲ್ಲಿ ತೀರಿಕೊಂಡ.

ಅದೇ ದಿನ, ಅದೇ ಗ್ರಹಣದ ನೆರಳು ಸಯಾಮ್ ಮುಟ್ಟುವ ಮೊದಲು ನಮ್ಮ ಕಡೆಯೂ ಹಾದು ಹೋಗಿತ್ತು. ವಿಜಾಪುರದಲ್ಲಿ, ನಮ್ಮ ಸಂತೆಯ ಊರು ಜಮಖಂಡಿಯಲ್ಲಿ ಹಗಲೇ ಕತ್ತಲಾಗಿತ್ತು. ಜಮಖಂಡಿಗೆ ಅದನ್ನು ನೋಡಲೆಂದೇ ದುರ್ಬೀನು ಹೊತ್ತು ಬ್ರಿಟಿಷರ ತಂಡ ಬಂದಿತ್ತು. ಮುಂದೆ ಗುಂಟೂರಿನಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸನ್ ನೋಡಿದ್ದೂ ಇದೇ ಗ್ರಹಣವನ್ನು. ಹೀಲಿಯಂ ಅನಿಲ ಪತ್ತೆಯಾದ ಕಥೆ ಅಲ್ಲಿಂದ ಶುರುವಾಗುತ್ತದೆ. ನಾಕ್‌ಳ ಕಥೆ ಎಲ್ಲೋ ದೂರದ್ದು ಅಂದುಕೊಂಡು ಕೂತಿದ್ದ ನಮಗೆ, ಅವಳ ಊರನ್ನು ಮುಚ್ಚಿದ ಕತ್ತಲೆ ನಮ್ಮ ಹೊಲಗಳನ್ನೂ ಮುಚ್ಚಿತ್ತು ಅನ್ನುವುದು ಮನಸ್ಸಿನಲ್ಲೇ ಕೂತಿತು.

ಈ ಕಥೆಯಲ್ಲಿ ಎಲ್ಲರಿಗೂ ಗೊತ್ತಿರುವ ದೃಶ್ಯ ಒಂದಿದೆ. ನಾಕ್ ಅಡುಗೆಗೆ ಕೂತಿದ್ದಾಳೆ. ಕೈಯಿಂದ ಒಂದು ಲಿಂಬೆಹಣ್ಣು ಜಾರಿ, ಹಲಗೆಯ ಸಂದಿಯಿಂದ ಮನೆಯ ಕೆಳಗೆ ನೆಲಕ್ಕೆ ಬೀಳುತ್ತದೆ. ಮನೆ ಕಂಬಗಳ ಮೇಲಿದೆ, ನೆಲ ಆಳುದ್ದ ಕೆಳಗಿದೆ. ಅವಳ ಕೈ ಉದ್ದವಾಗುತ್ತದೆ, ಕೆಳಗೆ ಇಳಿಯುತ್ತದೆ, ಲಿಂಬೆಹಣ್ಣು ಹಿಡಿದು ಮೇಲಕ್ಕೆ ಬರುತ್ತದೆ. ಗಂಡ ಅದನ್ನು ನೋಡಿಬಿಡುತ್ತಾನೆ.

ನಮ್ಮಲ್ಲಿ ಒಬ್ಬನು ಕಿರುಚಿ ಲ್ಯಾಪ್‌ಟಾಪ್ ಬೀಳಿಸುವುದರಲ್ಲಿದ್ದ. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೆದರಿಕೆಯಿಂದಲ್ಲ. ಹಿಂದಿನ ಹೆರಿಗೆ ದೃಶ್ಯದಿಂದಲೇ ಅಳುತ್ತಿದ್ದಳಂತೆ, ಕತ್ತಲಲ್ಲಿ ನಮಗೆ ಕಂಡಿರಲಿಲ್ಲ.

“ಹಿಂಗ ಹೋದ್ಲು ನೋಡ್ರಿ ಆಕಿನೂ,” ಅಂದಳು.

“ಯಾರು ಆಯಿ?”

“ಹುಣಸಿ ಗಿಡದಾಕಿ.”

ಸಿನಿಮಾ ಅಲ್ಲಿಗೇ ನಿಲ್ಲಿಸಿದೆವು.

ಆಯಿ ಹೇಳಿದ್ದು ಇಷ್ಟು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಆಕೆ ಊರಿಗೆ ಸೊಸೆಯಾಗಿ ಬಂದವಳು, ಇಪ್ಪತ್ತು ತುಂಬಿರಲಿಲ್ಲ. ಕುಬಸದ ದಿನ ಆಯಿಯೇ ಉಡಿ ತುಂಬಿದ್ದಳು. ತವರಿಗೆ ಕರೆದೊಯ್ಯಲು ಬರುವುದು ತಡವಾಯಿತು, ನೋವು ಬೇಗ ಬಂತು. ಸೂಲಗಿತ್ತಿ ಬಂದಳು. ಗಂಡು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಆದರೆ ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಆಗ ಊರಲ್ಲಿ ಟಂಟಂ ಇರಲಿಲ್ಲ, 108 ಇರಲಿಲ್ಲ, ಹಳ್ಳಕ್ಕೆ ಸೇತುವೆ ಇರಲಿಲ್ಲ. ಬಂಡಿ ಇತ್ತು, ಎತ್ತು ಇದ್ದವು.

“ಅವತ್ತ ಅಮಾಸಿ,” ಅಂದಳು ಆಯಿ. “ಬಂಡಿ ಹೂಡೂದು ಬ್ಯಾಡ, ಹಸಿ ಬಾಣಂತಿನ್ನ ತಗೊಂಡು ಅಮಾಸಿ ರಾತ್ರಿ ಹಳ್ಳ ದಾಟಬಾರ್ದು, ಬೆಳಕು ಹರೀಲಿ ಅಂದ್ರು.”

“ಯಾರು ಅಂದ್ರು?”

ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲಾರೂ ಅಂದ್ರು. ನಾನೂ ಅಂದೀನಿ,” ಅಂದಳು.

ಬೆಳಕು ಹರಿದ ಮೇಲೆ ಬಂಡಿ ಹೊರಟಿತು. ಹಳ್ಳದ ದಂಡೆಗೆ ಬರುವಷ್ಟರಲ್ಲಿ ಜೀವ ಹೋಗಿತ್ತು. ಬಂಡಿ ನಿಲ್ಲಿಸಿದ್ದು ಹುಣಸೆ ಮರದ ಕೆಳಗೆ. ಒಂದು ತಿಂಗಳು ತುಂಬುವುದರೊಳಗೆ ಯಾರೋ ಅಲ್ಲಿ ಬಿಳಿ ಸೀರೆ ಕಂಡರು.

ನಾವು ಕಥೆ ಕೇಳಿದ್ದಾಗಲೆಲ್ಲ ಅವಳ ಕಂಕುಳಲ್ಲಿ ಕೂಸು ಇರುತ್ತಿತ್ತು. ನಿಜದ ಕೂಸು ಸಾಯಲೇ ಇಲ್ಲ. ನಮಗಿಂತ ನಾಲ್ಕೈದು ವರ್ಷ ದೊಡ್ಡವನು. ಶಾಲೆಯಲ್ಲಿ ಅವನನ್ನು ‘ದೆವ್ವದ ಮಗ’ ಅಂತ ಕರೆಯುತ್ತಿದ್ದದ್ದು ನಮಗೆ ನೆನಪಿದೆ. ನಾವೂ ಕರೆದಿದ್ದೇವೆ. ಯಾಕೆ ಹಾಗನ್ನುತ್ತಾರೆ ಅಂತ ಗೊತ್ತಿಲ್ಲದೇ ಕರೆದಿದ್ದೇವೆ. ಅವನು ಹತ್ತನೇ ಇಯತ್ತೆ ಮುಗಿಸದೆ ಗೋವಾಕ್ಕೆ ಹೋದ. ಈಗಲೂ ಅಲ್ಲೇ ಹೋಟೆಲ್ ಕೆಲಸದಲ್ಲಿದ್ದಾನೆ.

ಸಿನಿಮಾದ ಉಳಿದ ಭಾಗವನ್ನು ಮರುದಿನ ನೋಡಿದೆವು. ಮಾಕ್ ಗುಡಿಗೆ ಓಡುತ್ತಾನೆ. ಭಿಕ್ಷುಗಳು ಸುತ್ತ ಕೂತು ಮಂತ್ರ ಹೇಳುತ್ತಿರುವಾಗ ನಾಕ್ ಗುಡಿಯ ಮಾಡಿಗೆ ತಲೆಕೆಳಗಾಗಿ ನಿಂತು ‘ಮನೆಗೆ ಬಾ’ ಅಂತ ಗಂಡನನ್ನು ಕರೆಯುತ್ತಾಳೆ. ಊರವರು ಮಂತ್ರವಾದಿಯನ್ನು ಕರೆಸುತ್ತಾರೆ. ಅವನು ಗೋರಿ ಅಗೆಸುತ್ತಾನೆ. ಅವನ ಆಟ ನಡೆಯುವುದಿಲ್ಲ. ಕೊನೆಗೆ ಸೋಮ್‌ದೇತ್ ತೋ ಅನ್ನುವ ಹಿರಿಯ ಭಿಕ್ಷು ಬರುತ್ತಾರೆ. ಈ ಹೆಸರಿನ ಭಿಕ್ಷು ನಿಜವಾಗಿ ಆ ಕಾಲದಲ್ಲಿದ್ದವರು, ಇಂದಿಗೂ ಅಲ್ಲಿನ ಜನ ಪೂಜಿಸುವವರು. ಸಿನಿಮಾದಲ್ಲಿ ಅವರು ಗೋರಿಯ ಹತ್ತಿರ ಕೂತು ಅವಳೊಡನೆ ಮಾತಾಡುತ್ತಾರೆ. ನಾಕ್ ಎದ್ದು ಬರುತ್ತಾಳೆ. ಗಂಡನ ಹತ್ತಿರ ಕ್ಷಮೆ ಕೇಳುತ್ತಾಳೆ, ಅಳುತ್ತಾಳೆ, ಹೊರಟು ಹೋಗುತ್ತಾಳೆ.

ಮನೆ, ಮಳೆ, ಕತ್ತಲೆ, ಕಾಲುವೆಯ ನೀರು, ಗೂಬೆಯ ಕೂಗು ಎಲ್ಲ ಈ ಸಿನಿಮಾದಲ್ಲಿದೆ. ಹೆದರಿಸುವುದು ಗೊತ್ತಿರುವವರು ಮಾಡಿದ ಸಿನಿಮಾ. ಆದರೆ ಅದಕ್ಕಿಂತ ಹೆಚ್ಚಾಗಿ ನಮಗೆ ಹಿಡಿಸಿದ್ದು ಬೇರೆ. ಬೇರೆ ದೆವ್ವದ ಸಿನಿಮಾಗಳಲ್ಲಿ ಹೆಂಗಸು ಮೊದಲು ದೆವ್ವವಾಗಿ ಬರುತ್ತಾಳೆ, ಇಂಟರ್‌ವೆಲ್ ಆದ ಮೇಲೆ ಹತ್ತು ನಿಮಿಷ ಅವಳ ಹಿಂದಿನ ಕಥೆ ಬರುತ್ತದೆ. ಇಲ್ಲಿ ನಾಕ್ ಮೊದಲು ಹೆಂಡತಿ, ಬಸುರಿ, ಹೊಲದಲ್ಲಿ ದುಡಿಯುವವಳು. ಅವಳು ಹೇಗೆ ಸತ್ತಳು ಅನ್ನುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ದೆವ್ವವಾಗುವುದು ಆಮೇಲೆ. ಹಾಗಾಗಿ ಅವಳ ಮೇಲೆ ಹೆದರಿಕೆ ಬಂದರೂ ಸಿಟ್ಟು ಬರುವುದಿಲ್ಲ.

ಬಸುರಿಯಾಗಿ ಸತ್ತವಳು, ಹೆರುವಾಗ ಸತ್ತವಳು ಎಲ್ಲಕ್ಕಿಂತ ಬಲವಾದ ದೆವ್ವವಾಗುತ್ತಾಳೆ ಅನ್ನುವ ನಂಬಿಕೆ ಥಾಯ್ಲೆಂಡಿನಲ್ಲಿದೆ. ನಮ್ಮಲ್ಲೂ ಇದೆ. ಎರಡೂ ಕಡೆ ಹೆರಿಗೆಯಲ್ಲಿ ಹೆಂಗಸರು ಸಾಯುವುದು ಒಂದು ಕಾಲಕ್ಕೆ ದಿನನಿತ್ಯದ ಮಾತಾಗಿತ್ತು. ಪ್ರತಿ ಊರಿಗೂ ಒಬ್ಬ ಬಾಣಂತಿ ದೆವ್ವ ಇದ್ದಾಳೆ ಅಂದರೆ, ಪ್ರತಿ ಊರಲ್ಲೂ ಅಂಥ ಒಂದಾದರೂ ಸಾವು ಆಗಿದೆ ಅಂತ ಅರ್ಥ.

ಸಿನಿಮಾ ಮುಗಿದ ಮೇಲೆ ನಾಕ್‌ಳ ಬಗ್ಗೆ ಓದುತ್ತ ಹೋದೆವು. ಪತ್ರಿಕೋದ್ಯಮ ಓದಿದ ನಮ್ಮನ್ನು ಅಲ್ಲಾಡಿಸಿದ ಸಂಗತಿ ಸಿಕ್ಕಿದ್ದು ಆಗ. 1899ರಲ್ಲಿ ಸಯಾಮಿನ ಒಂದು ಪತ್ರಿಕೆಯಲ್ಲಿ ಕೆ.ಎಸ್.ಆರ್. ಕುಲಾಪ್ ಅನ್ನುವ ಬರಹಗಾರ ನಾಕ್‌ಳ ಬಗ್ಗೆ ಬರೆದಿದ್ದ. ಅವನು ಹೇಳುವ ಪ್ರಕಾರ ನಾಕ್ ನಿಜವಾಗಿ ಇದ್ದವಳು, ಫ್ರಾ ಖನೋಂಗ್ ಊರ ಮುಖ್ಯಸ್ಥನ ಮಗಳು. ಬಸುರಿಯಾಗಿದ್ದಾಗಲೇ ಸತ್ತಳು. ಅವಳಿಗೆ ಅದಕ್ಕೂ ಮೊದಲೇ ಮಗನಿದ್ದ. ಅಪ್ಪ ಇನ್ನೊಂದು ಮದುವೆಯಾದರೆ ಆಸ್ತಿಯಲ್ಲಿ ಪಾಲು ಹೋಗುತ್ತದೆ ಅಂತ ಆ ಮಗನಿಗೆ ಚಿಂತೆ. ಅವನು ಹೆಂಗಸಿನ ಬಟ್ಟೆ ತೊಟ್ಟು, ಕಾಲುವೆಯಲ್ಲಿ ಹೋಗುವ ದೋಣಿಗಳಿಗೆ ಕಲ್ಲು ಹೊಡೆದು, ಅವ್ವನ ದೆವ್ವ ಓಡಾಡುತ್ತಿದೆ ಅಂತ ಸುದ್ದಿ ಹಬ್ಬಿಸಿದ. ಮನೆಯಲ್ಲಿ ಮೊದಲ ಹೆಂಡತಿಯ ದೆವ್ವ ಇದೆ ಅಂದರೆ ಎರಡನೆಯವಳಾಗಿ ಯಾರು ಬರುತ್ತಾರೆ?

ಕುಲಾಪ್ ಬರೆದದ್ದೆಲ್ಲ ಎಷ್ಟು ಖರೆ ಅನ್ನುವ ಚರ್ಚೆ ಬೇರೆ. ಊರೆಲ್ಲ ‘ದೆವ್ವ ಹೇಗಿದೆ’ ಅಂತ ಕೇಳುತ್ತಿದ್ದಾಗ ಅವನೊಬ್ಬ ‘ಇದರಿಂದ ಯಾರಿಗೆ ಉಪಯೋಗ’ ಅಂತ ಕೇಳಿದ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅವನಿಗೆ ಹೊಳೆದ ಪ್ರಶ್ನೆ ಡಿಗ್ರಿ ಮುಗಿಸಿದ ನಮಗೆ ಹೊಳೆದಿರಲಿಲ್ಲ.

ನಮ್ಮೂರ ದೆವ್ವದಿಂದ ಯಾರಿಗೆ ಉಪಯೋಗವಾಯಿತು? ಇಲ್ಲಿ ಆಸ್ತಿ ಜಗಳ ಇರಲಿಲ್ಲ. ಆದರೆ ಆಕೆ ದೆವ್ವವಾದ ಮೇಲೆ ‘ಆ ರಾತ್ರಿ ಬಂಡಿ ಯಾಕೆ ಹೂಡಲಿಲ್ಲ’ ಅಂತ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಅಮಾವಾಸ್ಯೆಗೆ ಹೆದರಿದ್ದೇ ಸರಿ ಅಂತ ಆಯಿತು. ‘ನಾವು ಆಕಿನ್ನ ಹಿಡಿದು ಕೂಡ್ರಿಸಿದ್ವಿ ಅನ್ನೂಕಿಂತ ಆಕಿ ನಮ್ಮನ್ನ ಹಿಡೀತಾಳ ಅನ್ನೂದು ಹಗುರ ಆತು,’ ಅಂತ ಆಯಿಯೇ ಒಂದು ದಿನ ಹೇಳಿದಳು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಬರೆಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಬ್ಲಾಗಿನಲ್ಲಿ ನಾವೊಂದು ಸಣ್ಣ ಸುದ್ದಿ ಹಾಕಿದ್ದೆವು. ನಮ್ಮೂರ ಹೆಣ್ಣುಮಗಳೊಬ್ಬಳಿಗೆ ರಾತ್ರಿ ಟಂಟಂನಲ್ಲೇ ಹೆರಿಗೆಯಾಯಿತು, ತಾಯಿ ಮಗು ಕ್ಷೇಮ ಅಂತ. ಚಾಲಕನ ಕೈ ಕುಲುಕುವ ಫೋಟೊ ಹಾಕಿದ್ದೆವು. ನೀವು ಬಹಳ ಮಂದಿ ಓದಿ ಖುಷಿಪಟ್ಟಿದ್ದಿರಿ.

ಈಗ ಹಳ್ಳಕ್ಕೆ ಸೇತುವೆಯಾಗಿದೆ. ಆ ದಾರಿ ಹಿಡಿದರೆ ಡಾಂಬರು ರಸ್ತೆಗೆ 3 ಕಿಲೋಮೀಟರ್. ಅವತ್ತು ಟಂಟಂ ಹೋದದ್ದು ಸುತ್ತುದಾರಿಯಲ್ಲಿ, 9 ಕಿಲೋಮೀಟರ್. ಹೆರಿಗೆಯಾದದ್ದು ಆ ಸುತ್ತಿನ ನಡುವೆ. ಆ ಹೆಣ್ಣುಮಗಳಿಗೂ ರಕ್ತ ಹೆಚ್ಚೇ ಹೋಗಿತ್ತು ಅಂತ ಅವಳ ಅತ್ತೆ ಆಗಲೇ ಹೇಳಿದ್ದರು, ನಾವು ಸುದ್ದಿಯಲ್ಲಿ ಬಿಟ್ಟಿದ್ದೆವು. ಯಾಕೆ ಸುತ್ತು ಹಾಕಿದಿ ಅಂತ ಚಾಲಕನನ್ನು ಕೇಳಿಯೇ ಇರಲಿಲ್ಲ.

ಈಗ ಹೋಗಿ ಕೇಳಿದೆವು. ಅವನಿಗೆ ಆಶ್ಚರ್ಯ. “ನಿಮಗ ಗೊತ್ತಿಲ್ಲೇನು? ಬಸರಿ ಹೆಂಗಸ್ನ ಕುಂದರಿಸ್ಕೊಂಡು ರಾತ್ರಿ ಆಕಿ ಮುಂದ ಹಾಯ್ದು ಹೋಗಬೇಕಾ?” ಅಂದ.

ಗೊತ್ತಿತ್ತು. ನಮಗೂ ಗೊತ್ತಿದ್ದದ್ದರಿಂದಲೇ ಕೇಳಿರಲಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತದೆ. ಅಂಥ ಹೊತ್ತಲ್ಲಿ 6 ಕಿಲೋಮೀಟರ್ ಸುತ್ತು ಸಣ್ಣದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅಮಾವಾಸ್ಯೆಯ ಹೆದರಿಕೆಗೆ ಒಬ್ಬಳು ಹೋದಳು. ಅವಳ ಹೆದರಿಕೆಗೆ ಇನ್ನೊಬ್ಬಳು ಹೋಗುವುದರಲ್ಲಿದ್ದಳು.

ಗೋವಾದಲ್ಲಿರುವ ಮಗನಿಗೆ ಫೋನ್ ಮಾಡಲು ನಮಗೆ ಒಂದು ವಾರ ಧೈರ್ಯ ಬರಲಿಲ್ಲ. ಮಾಡಿದಾಗ ಮೊದಲು ಶಾಲೆಯ ಮಾತಿಗೆ ತಪ್ಪಾಯಿತು ಅಂದೆವು. ಅವನು “ಇರ್ಲಿ ಬಿಡ್ರಿ, ಹುಡುಗ್ರಿದ್ರಿ” ಅಂದ. ಬರೆಯಬಹುದೇ ಅಂತ ಕೇಳಿದೆವು. ಅವ್ವನ ಹೆಸರು ಬೇಡ, ಉಳಿದದ್ದು ಬರೆಯಿರಿ ಅಂದ. ಆಮೇಲೆ ಕೇಳಿದ, “ನಮ್ಮವ್ವ ಹೆಂಗಿದ್ಲು ಅಂತ ಆಯಿಗೆ ನೆನಪೈತೇನು?”

ಆಯಿಯ ಕೈಗೆ ಫೋನ್ ಕೊಟ್ಟೆವು. ಆಕೆ ಎತ್ತರ ಇದ್ದಳು, ಗೋಡೆಗೆ ಒರಗಿ ನಗುತ್ತಿದ್ದಳು, ಶೇಂಗಾ ಹೋಳಿಗೆ ಚೆನ್ನಾಗಿ ಮಾಡುತ್ತಿದ್ದಳು, ಕುಬಸದ ದಿನ ಹಸಿರು ಸೀರೆ ಉಟ್ಟಿದ್ದಳು ಅಂತ ಆಯಿ ಹೇಳುತ್ತ ಹೋದಳು. ಆ ಕಡೆಯಿಂದ ಮಾತು ಬರುತ್ತಿರಲಿಲ್ಲ, ಹೋಟೆಲಿನ ಪಾತ್ರೆ ಸದ್ದು ಬರುತ್ತಿತ್ತು. ಬಿಳಿ ಸೀರೆ ಬಿಟ್ಟು ಬೇರೆ ಬಣ್ಣದಲ್ಲಿ ಆಕೆಯನ್ನು ನಾವು ಎಣಿಸಿಕೊಂಡದ್ದು ಅದೇ ಮೊದಲು.

ಬ್ಯಾಂಕಾಕ್ ಬೆಳೆದು ಬೆಳೆದು ಫ್ರಾ ಖನೋಂಗ್ ಈಗ ಆ ಮಹಾನಗರದ ಒಳಗೇ ಸೇರಿದೆ. ಅಲ್ಲಿ ವಾಟ್ ಮಹಾಬುತ್ ಗುಡಿಯ ಆವರಣದಲ್ಲಿ ನಾಕ್‌ಗೂ ಒಂದು ಗುಡಿಯಿದೆ. ಜನ ಅವಳಿಗೆ ಬಣ್ಣಬಣ್ಣದ ಬಟ್ಟೆ, ಅವಳ ಕೂಸಿಗೆ ಆಟಿಕೆ ತಂದಿಡುತ್ತಾರೆ. ಆ ದೇಶದಲ್ಲಿ ಗಂಡುಹುಡುಗರು ಸೈನ್ಯಕ್ಕೆ ಹೋಗಬೇಕೋ ಬೇಡವೋ ಅಂತ ಚೀಟಿ ಎತ್ತುತ್ತಾರೆ. ಕೆಂಪು ಚೀಟಿ ಬಂದರೆ ಹೋಗಬೇಕು, ಕಪ್ಪು ಬಂದರೆ ಮನೆಯಲ್ಲೇ ಇರಬಹುದು. ಕಪ್ಪು ಚೀಟಿ ಬರಲಿ ಅಂತ ಹುಡುಗರು ನಾಕ್‌ಗೆ ಬೇಡಿಕೊಳ್ಳುತ್ತಾರೆ. ಗಂಡನನ್ನು ಯುದ್ಧಕ್ಕೆ ಕಳಿಸಿ ಒಬ್ಬಳೇ ಸತ್ತವಳಿಗೆ ಆ ಸಂಕಟ ಗೊತ್ತು ಅನ್ನುವ ನಂಬಿಕೆ. ಅವಳಿಗೆ ಹೆದರುವವರೂ ಅವರೇ, ಅವಳ ಹತ್ತಿರ ಹೋಗಿ ಕಷ್ಟ ಹೇಳಿಕೊಳ್ಳುವವರೂ ಅವರೇ.

ಇದನ್ನು ಆಯಿಗೆ ಹೇಳಿದೆವು. ಟಂಟಂ ಚಾಲಕನೂ ಅವತ್ತು ಕಟ್ಟೆಯ ಮೇಲೆ ಇದ್ದ. ದೆವ್ವ ಇಲ್ಲ ಅಂತ ನಾವು ಅವನಿಗೆ ಮೊದಲೇ ಮೂರು ಸಲ ಹೇಳಿ ಸೋತಿದ್ದೆವು. ಆಯಿ ಇದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

“ಆಕಿನೂ ಅದ ದಾರೀಲೆ ದವಾಖಾನಿಗೆ ಹೊಂಟಾಕಿ ಇದ್ಲಪಾ,” ಅಂದಳು. “ಇನ್ನೊಬ್ಬಾಕಿ ಹೊಂಟ್ರ ತಡೀತಾಳೇನು?”

ಚಾಲಕ ಏನೂ ಹೇಳಲಿಲ್ಲ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಒಬ್ಬಳಿಗೆ ನೋವು ಬಂತು. 108 ಬರುವ ತನಕ ಕಾಯದೆ ಅವನೇ ಡಾಂಬರು ರಸ್ತೆಯವರೆಗೆ ಕರೆದೊಯ್ದ, ಹಳ್ಳದ ದಾರಿಯಲ್ಲಿ. ಮರದ ಹತ್ತಿರ ಬಂದಾಗ ಹಾರ್ನ್ ಹೊಡೆಯುತ್ತಲೇ ದಾಟಿದನಂತೆ. ಹೆದರಿಕೆ ಹೋಗಿಲ್ಲ ಅಂತ ಅವನೇ ಹೇಳಿದ.

ನಿಮ್ಮೂರ ಮರದಲ್ಲಿ, ಬಾವಿಯಲ್ಲಿ ಯಾರಿದ್ದಾರೆ? ಆಕೆ ಹೇಗೆ ಸತ್ತಳು ಅಂತ ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಹೇಳಿದರೆ ನಮಗೂ ಬರೆದು ಕಳಿಸಿ, ಹೆಸರು ಹಾಕುವುದಿಲ್ಲ.